ಶೆಡ್ಡಿನಲ್ಲಿ ಹತ್ತೊಂಬತ್ತು ದಿನ

ಪೆಟ್ಟಿಗೆ ಹಗುರವಾಗಿದೆ, ಇಷ್ಟು ಹಗುರ ಇರಬಾರದು, ಭಾರಕ್ಕೆ ಸಜ್ಜಾಗಿ ಎರಡೂ ಕೈ ಚಾಚಿ ನಿಂತಿದ್ದ ಲುಸುಂಗುವಿನ ತೋಳುಗಳು ಅದನ್ನು ಹಿಡಿದದ್ದೇ ತಾವಾಗಿ ಮೇಲಕ್ಕೆ ಹೋದವು, ಒಳಗೆ ಐದು ಕಿಲೋ ಡ್ರೈ ಐಸ್ ಇರಬೇಕಿತ್ತು, ಕಳಿಸಿದ ಕಂಪನಿಯಿಂದ ಹೊರಡುವಾಗ ಇತ್ತೆಂದು ಮೇಲಂಟಿಸಿದ ಕಾಗದ ಹೇಳುತ್ತದೆ, ಅದೆಲ್ಲ ಯಾವಾಗಲೋ ಆವಿಯಾಗಿ ಹೋಗಿ ಈಗ ಉಳಿದಿರುವುದು ಥರ್ಮಕೋಲು, ಅದರ ನಡುವೆ ಎಲ್ಲೋ ಆರು ಪುಟ್ಟ ಸೀಸೆ — ತಲೆಯ ಮೇಲೆ ಸರಕು ಶೆಡ್ಡಿನ ತಗಡು ಬಿಸಿಲಿಗೆ ಟಕ್ ಟಕ್ ಎನ್ನುತ್ತಿದೆ, ಅಕ್ಟೋಬರ್, ಬ್ಲಾಂಟೈರಿಗೆ ಮಳೆ ಬರಲು ಇನ್ನೂ ಒಂದು ತಿಂಗಳು, ಇಲ್ಲಿ ಸೈನ್ ಹಾಕಿ ಮೇಡಂ, ಇಲ್ಲೂ, ದಿನಾಂಕ ಬರೀರಿ, ಕಸ್ಟಮ್ಸ್‌ನ ಕಪಲಾಮುಲ ಬೆರಳಿಟ್ಟು ತೋರಿಸುತ್ತಿದ್ದಾನೆ, ಒಳ್ಳೆಯ ಮನುಷ್ಯನೇ, ಹಣೆಯ ಬೆವರನ್ನು ಮಡಿಸಿದ ಕರವಸ್ತ್ರದಿಂದ ಒತ್ತಿಕೊಳ್ಳುತ್ತಾನೆ, ನೋಡಿ ನಮ್ಮದೇನೂ ತಪ್ಪಿಲ್ಲ, ಪೆಪ್ಟೈಡ್ ಅಂತ ಬರೆದಿದ್ರಿ, ಪೆಪ್ಟೈಡ್ ಅಂದ್ರೆ ಔಷಧಾನೋ ಕೆಮಿಕಲ್ಲೋ ಆಹಾರಾನೋ, ನಮ್ಮ ಪಟ್ಟೀಲಿ ಆ ಹೆಸರೇ ಇಲ್ಲ, ಹೋದ ತಿಂಗಳು ಒಬ್ಬ ಹೀಗೇ ಅಂಚೇಲಿ ತರಿಸಿದ್ದ, ಮೈ ಹುರಿ ಮಾಡ್ಕೊಳ್ಳೋ ಪುಡಿ, ಅದರ ಮೇಲೂ ಸಂಶೋಧನೆಗೆ ಮಾತ್ರ ಅಂತಾನೇ ಇತ್ತು. ಔಷಧ ಮಂಡಳಿಯಿಂದ ಪತ್ರ ತನ್ನಿ ಎಂದಿದ್ದ, ತಂದಳು, ಅದರ ಮೇಲೆ ಮೊಹರಿಲ್ಲ ಎಂದ, ಹಾಕಿಸಿದಳು, ಮೇಲಿನ ಅಧಿಕಾರಿ ಹೆಂಡತಿಯ ತಂದೆಯ ಮಣ್ಣಿಗೆ ಮಂಗೋಚಿಗೆ ಹೋಗಿದ್ದಾರೆ ಎಂದ, ಮಣ್ಣಿಗೆ ಹೋದವರನ್ನು ಬೇಗ ಬನ್ನಿ ಎನ್ನಲು ಯಾರಿಗೆ ಬಾಯಿ ಬಂದೀತು, ಅವಳಿಗಂತೂ ಬರಲಿಲ್ಲ — ತಂಪು ಕೋಣೆ ಇದೆಯಲ್ಲ ನಿಮ್ಮಲ್ಲಿ, ಅದರಲ್ಲಿ ಇಟ್ಟಿದ್ರಾ ಎಂದು ಕೇಳಿದಳು, ಕೇಳುವಾಗಲೇ ಉತ್ತರ ಗೊತ್ತಿತ್ತು, ಇದೆ ಮೇಡಂ, ಕರೆಂಟಿಲ್ಲ, ಈಗ ಅದರೊಳಗೆ ಮುರಿದ ಕುರ್ಚಿ ಇಟ್ಟಿದ್ದೀವಿ. ಪೆಟ್ಟಿಗೆಯ ಒಂದು ಮೂಲೆಯಲ್ಲಿ ಟೇಪು ಎರಡು ಬಣ್ಣದ್ದಿದೆ, ಯಾರೋ ಬಿಚ್ಚಿ ಮತ್ತೆ ಅಂಟಿಸಿದ್ದಾರೆ. ಏನಿದು, ಎಂದಳು. ತಪಾಸಣೆ ಮೇಡಂ, ಎಂದ.

ಪಿಕಪ್ಪಿನ ಡ್ರೈವರ್ ಸೈಜಿ ಬಾಗಿಲು ತೆರೆದು ಹಿಡಿದು ನಗುತ್ತಾನೆ, ಏನ್ ಡಾಕ್ಟ್ರೇ, ಮಗೂನ ಎತ್ಕೊಂಡ ಹಾಗೆ ಎತ್ಕೊಂಡಿದ್ದೀರಿ, ಹಿಂದೆ ಹಾಕಿ ಆರಾಮಾಗಿ ಕೂತ್ಕೊಳ್ಳಿ — ಅವಳು ಡಾಕ್ಟರಲ್ಲ, ಪ್ರಯೋಗಾಲಯದ ಹಿರಿಯ ಸಹಾಯಕಿ, ಹದಿನಾರು ವರ್ಷದಿಂದ ಪಿಪೆಟ್ ಹಿಡಿದ ಕೈ, ಆದರೂ ಅವನಿಗೆ ಬಿಳಿ ಕೋಟು ತೊಟ್ಟವರೆಲ್ಲ ಡಾಕ್ಟರೇ — ಹಿಂದೆ ಬಿಸಿಲು ಸೈಜಿ, ಎಂದಳು, ಅಲ್ಲಾ ಹತ್ತೊಂಬತ್ತು ದಿನ ಬೆಂದಿದ್ದು ಇನ್ನರ್ಧ ಗಂಟೆ ಬೆಂದ್ರೆ ಏನಾಗುತ್ತೆ ಎಂದವನು ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ, ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಒಂದು ಮಂದಾಸಿ ತೆಗೆದು ಕೊಟ್ಟ, ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀವು, ತಗೊಳ್ಳಿ, ಬಿಸಿ ಆರಿದೆ. ಎಣ್ಣೆಯಲ್ಲಿ ಕರಿದ ಸಿಹಿ ಹಿಟ್ಟು, ಒಂದು ಸಲ ಕಚ್ಚಿ ಉಳಿದದ್ದನ್ನು ಅದೇ ಹಾಳೆಯಲ್ಲಿ ಮಡಿಸಿಟ್ಟಳು. ಜುಲೈಯಲ್ಲಿ ಆರ್ಡರ್ ಮಾಡಿದ್ದು, ಸೆಪ್ಟೆಂಬರಿನಲ್ಲಿ ಹೊರಟಿತು, ಸಾಗಣೆಯಲ್ಲಿದೆ, ಸಾಗಣೆಯಲ್ಲಿದೆ, ಫೋನಿನ ಪರದೆಯ ಮೇಲೆ ಅದೊಂದೇ ಸಾಲು, ಮಧ್ಯೆ ಯಾವುದೋ ದೊಡ್ಡ ವಿಮಾನ ನಿಲ್ದಾಣದಲ್ಲಿ ಆರು ದಿನ, ಆಮೇಲೆ ಇಲ್ಲಿ ಶೆಡ್ಡಿನಲ್ಲಿ ಹತ್ತೊಂಬತ್ತು — ಸೀಸೆಯಲ್ಲಿರುವ ಪೆಪ್ಟೈಡ್ ಎಂದರೆ ಕ್ಷಯದ ಕ್ರಿಮಿಯ ಮೈಯಿಂದ ಚಿವುಟಿ ತೆಗೆದಂಥ ಚೂರುಗಳು, ಕಾರ್ಖಾನೆಯಲ್ಲಿ ಮಣಿ ಪೋಣಿಸಿದ ಹಾಗೆ ಪೋಣಿಸಿದ ಸಣ್ಣ ಸರಗಳು, ರೋಗ ತಾರವು, ಬರೀ ಗುರುತು, ಒಬ್ಬರ ರಕ್ತದ ಕಣಗಳ ಮುಂದೆ ಹಿಡಿದರೆ ಆ ಕ್ರಿಮಿಯನ್ನು ಹಿಂದೆ ಕಂಡು ಸೆಣಸಿದ ಕಣಗಳು, ಓ ಇವನಾ, ಎಂದು ಕೂಗಿಕೊಳ್ಳುತ್ತವೆ, ಅಷ್ಟೇ, ಅಷ್ಟನ್ನು ಕೇಳಿಸಿಕೊಳ್ಳಲು ಇಷ್ಟೆಲ್ಲ. ಸೈಜಿ ಊರೊಳಗೆ ಬರುತ್ತಲೇ ಎಡಕ್ಕೆ ತಿರುಗಿಸಿದ, ಅದು ಸುತ್ತಿನ ದಾರಿ, ನೇರ ಹೋದರೆ ಸೋಚೆ ಗುಡ್ಡ ಎದುರಿಗೆ ಬರುತ್ತದೆ, ಗುಡ್ಡದ ಪಕ್ಕೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಆ ಕೆಂಪು ಗೀರು, ಏಳು ತಿಂಗಳಾದರೂ ಹುಲ್ಲು ಮುಚ್ಚಿಲ್ಲ, ಮಾರ್ಚಿನಿಂದಲೂ ಅವನು ಹೀಗೇ, ಅವಳು ಗಾಡಿಯಲ್ಲಿದ್ದರೆ ಎಡಕ್ಕೆ, ಅವಳೂ ಕೇಳಿಲ್ಲ, ಅವನೂ ಹೇಳಿಲ್ಲ.

ಗೋಡೆ ಬೆವರ್ತಿದೆ ಅಕ್ಕ, ಒಳಗಡೆಯಿಂದಾನೇ, ಕೈ ಇಟ್ರೆ ಒದ್ದೆ, ತಂಗಿ ತಿಯೊಂಗೆ ಮಾರ್ಚಿನ ಆ ಭಾನುವಾರ ಸಂಜೆ ಫೋನಿನಲ್ಲಿ ಹೇಳಿದ್ದಳು, ನಾಲ್ಕು ದಿನದಿಂದ ಮಳೆ ನಿಂತಿರಲಿಲ್ಲ, ಚಂಡಮಾರುತ ಎರಡನೇ ಸಲ ತಿರುಗಿ ಬಂದಿದೆಯಂತೆ ಎಂದು ರೇಡಿಯೋದವರು ಹೇಳುತ್ತಿದ್ದರು, ಇಲ್ಲಿಗೆ ಬಂದ್ಬಿಡೇ ಎಂದಳು ಲುಸುಂಗು, ಬೆಳಗ್ಗೆ ಡ್ಯೂಟಿ ಇದೆ, ಇಲ್ಲಿಂದ ವಾರ್ಡು ಹತ್ರ, ಮುಗಿಸ್ಕೊಂಡು ಸೀದಾ ನಿನ್ನ ಮನೆಗೇ ಬರ್ತೀನಿ, ಉಸಿಪಾ ಮೀನು ಮಾಡಿಡು, ಟೊಮೆಟೊ ಜಾಸ್ತಿ ಹಾಕು, ನಿನ್ನ ಕೈ ಬಿಗಿ — ಬೆಳಗಾಗುವಷ್ಟರಲ್ಲಿ ಗುಡ್ಡ ಕೆಳಗೆ ಬಂದಿತ್ತು. ಮನೆ ಹೋಯಿತೆನ್ನಲು ಮನೆ ಇದ್ದ ಜಾಗವಾದರೂ ಗೊತ್ತಾಗಬೇಕಲ್ಲ, ಬಂಡೆ, ಕೆಸರು, ಬೇರು ಮೇಲಾದ ಮರ, ಹನ್ನೊಂದು ದಿನ ಅವಳು ಗುದ್ದಲಿ ಹಿಡಿದು ಅಗೆದಳು, ಸೈನಿಕರು ಅಗೆದರು, ನಾಯಿಗಳು ಮೂಸಿದವು, ಪಕ್ಕದ ಮನೆಯವರ ಅಲ್ಯೂಮಿನಿಯಂ ಪಾತ್ರೆ ಸಿಕ್ಕಿತು, ಒಳಗೆ ಇನ್ನೂ ಅಂಬಲಿ ಇತ್ತು, ತಿಯೊಂಗೆ ಸಿಗಲಿಲ್ಲ. ಬಡಗಣ ರುಂಫಿಯ ಹಳ್ಳಿಯಲ್ಲಿರುವ ಅಮ್ಮ ಪ್ರತಿ ಭಾನುವಾರ ಚರ್ಚಿನಿಂದ ಬಂದು ಪಕ್ಕದ ಮನೆಯವರ ಫೋನು ಇಸಿದುಕೊಂಡು ಮಾತಾಡುತ್ತಾಳೆ, ಮೊದಮೊದಲು ಸಿಕ್ಕಿದ್ಲಾ ಎನ್ನುತ್ತಿದ್ದಳು, ಮೇ ಬಂದ ಮೇಲೆ ಮಾತು ಬದಲಾಯಿತು, ಏನಾದ್ರೂ ಸಿಕ್ತಾ, ಒಂದು ಚಪ್ಪಲಿ, ಒಂದು ಬಟ್ಟೆ ಚೂರು, ಏನಾದ್ರೂ. ಊರ ಹಿರಿಯರು ಬಾಳೆದಿಂಡಿಗೆ ಬಿಳಿ ಬಟ್ಟೆ ಸುತ್ತಿ ಹೂಳೋಣ, ಅವಳ ಹೆಸರು ಹೇಳಿ ಮಣ್ಣು ಹಾಕೋಣ, ಹಾಗೆ ಮಾಡಬಹುದು ಎಂದರು, ಅಮ್ಮ ಎದ್ದು ನಿಂತು, ನಾನು ಬಾಳೆದಿಂಡು ಹೆತ್ತಿಲ್ಲ, ಎಂದಳಂತೆ, ಅಲ್ಲಿಗೆ ಆ ಮಾತು ನಿಂತಿತು.

ಮತ್ತು ಲುಸುಂಗುವಿಗೆ ಮಾತ್ರ ಗೊತ್ತಿದೆ, ಇಡೀ ಭೂಮಿಯ ಮೇಲೆ ಅವಳೊಬ್ಬಳಿಗೇ, ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಹಾಲಿನ ಕ್ಯಾನಿನಂಥ ದೊಡ್ಡ ಪಾತ್ರೆಯೊಳಗೆ, ಹೊಗೆಯಾಡುವ ದ್ರವ ಸಾರಜನಕದಲ್ಲಿ, ಮೂರನೇ ಕಡ್ಡಿಯ ಕೆಳಗಿನ ಗೂಡಿನಲ್ಲಿ, ನಾನೂರ ಹದಿನೇಳು ಎಂದು ಬರೆದ ಕಿರುಬೆರಳುದ್ದದ ಕೊಳವೆ ಇದೆ, ಅದರ ಮೇಲೆ ಹೆಸರಿಲ್ಲ, ಹೆಸರು ಇರಬಾರದು ಎಂಬುದೇ ನಿಯಮ, ಆದರೆ ಆ ಅಂಕಿ ಅವಳದೇ ಕೈಬರಹ, ಆ ರಕ್ತ ತೆಗೆದದ್ದೂ ಅವಳೇ — ಹನ್ನೊಂದು ವರ್ಷ ಕ್ಷಯದ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ತಿಯೊಂಗೆ, ಅಲ್ಲಿ ಜೊತೆಗೆ ಸೇರಿದ ಏಳು ಮಂದಿಯಲ್ಲಿ ಐವರಿಗೆ ರೋಗ ತಗುಲಿತು, ಇವಳ ಮೈಯಲ್ಲಿ ಕ್ರಿಮಿ ಬಂದುಹೋದ ಸುಳಿವನ್ನೂ ಯಾವ ಪರೀಕ್ಷೆಯೂ ತೋರಿಸಲಿಲ್ಲ, ಚಿಕ್ಕಂದಿನಲ್ಲೂ ಹಾಗೇ, ಅಜ್ಜಿಯಿಂದ ಲುಸುಂಗುವಿಗೆ ಬಂತು, ಒಂಬತ್ತು ವರ್ಷಕ್ಕೆ ಆರು ತಿಂಗಳು ಮಾತ್ರೆ ನುಂಗಿದಳು, ಅದೇ ಚಾಪೆಯಲ್ಲಿ ಅವಳ ಕಂಕುಳಿಗೆ ಮೂಗಿಟ್ಟು ಮಲಗುತ್ತಿದ್ದ ತಂಗಿಗೆ ಏನೂ ಆಗಲಿಲ್ಲ. ಇಂಥವರ ರಕ್ತಕ್ಕೆ ಕ್ರಿಮಿಯ ಯಾವ ಚೂರು ಗುರುತಿದೆ ಅನ್ನೋದು ಒಂದು ತಿಳಿದ್ರೆ, ಮುಂದೆ ಯಾವತ್ತೋ ಒಂದು ಲಸಿಕೆಗೆ ದಾರಿ ಆದೀತು, ಎನ್ನುತ್ತಾರೆ ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಚಿಪೆಟಾ. ರಕ್ತ ಕೊಡಲು ಬಂದ ದಿನ ತಿಯೊಂಗೆ ಮುಖ ಗೋಡೆಗೆ ತಿರುಗಿಸಿ ಕಣ್ಣು ಬಿಗಿಯಾಗಿ ಮುಚ್ಚಿ ಕುಳಿತಿದ್ದಳು, ಇಡೀ ವಾರ್ಡಿಗೆ ಸೂಜಿ ಚುಚ್ಚೋಳು ನೀನು, ನಾಚಿಕೆ ಆಗಲ್ವಾ, ಚುಚ್ಚೋದಕ್ಕೆ ಸಂಬಳ ಕೊಡ್ತಾರೆ ಅಕ್ಕ, ಚುಚ್ಚಿಸ್ಕೊಳ್ಳೋದಕ್ಕೆ ಬರೀ ಫ್ಯಾಂಟಾ, ಅದೂ ಬಿಸಿ ಫ್ಯಾಂಟಾ, ಥೂ — ಬೇರೆಯವರದ್ದು ಹತ್ತು ಹತ್ತು ಕೊಳವೆ ಇವೆ, ಮತ್ತೆ ಬಂದು ಕೊಡುತ್ತಾರೆ, ನಾನೂರ ಹದಿನೇಳು ಒಂದೇ ಒಂದು ಉಳಿದಿದೆ. ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳು ಆ ಪಾತ್ರೆಯ ಮುಂದೆ ಮನೆಯ ಟೀ ಫ್ಲಾಸ್ಕ್ ಹಿಡಿದು ನಿಂತಿದ್ದಳು, ತೆಗೆದುಕೊಂಡು ಹೋಗಿ ಅಮ್ಮನ ಕೈಗೆ ಕೊಡುವುದು, ಇದು ಅವಳು, ನಿಜವಾಗಿ ಅವಳೇ, ಬಾಳೆದಿಂಡಲ್ಲ, ಹೂಳು ಎನ್ನುವುದು, ದಾಖಲೆ ಪುಸ್ತಕದಲ್ಲಿ ನಾನೂರ ಹದಿನೇಳರ ಮುಂದೆ ಒಡೆದಿದೆ ಎಂದು ಪೆನ್ಸಿಲಿನಲ್ಲಿ ಬರೆದೂ ಆಗಿತ್ತು, ಆಮೇಲೆ ಉಜ್ಜಿ ಅಳಿಸಿದಳು, ಯಾಕೆ ಅಳಿಸಿದೆ, ನಿಯಮಕ್ಕೆ ಹೆದರಿಯೇ, ಇಲ್ಲ, ಹೂತರೆ ಮುಗಿಯಿತು, ಪೆಟ್ಟಿಗೆ ಬಂದರೆ ತಿಯೊಂಗೆ ಇನ್ನೊಂದು ಸಲ ಏನಾದರೂ ಹೇಳುತ್ತಾಳೆ, ಯಾರಿಗೂ ಗೊತ್ತಿಲ್ಲದ್ದನ್ನು ಹೇಳುತ್ತಾಳೆ, ಅವಳ ಮಾತು ಲೋಕಕ್ಕೆ ಬೇಕಾಗುತ್ತದೆ, ಅದನ್ನು ಕೇಳಬೇಕು ಎಂಬ ಆಸೆ, ಹೌದು, ಆಸೆ, ಅಮ್ಮನಿಗೆ ಸಿಗಬೇಕಾದ್ದನ್ನು ತಾನು ಇಟ್ಟುಕೊಂಡಳು.

ಪ್ರಯೋಗಾಲಯದ ಮೇಜಿನ ಮೇಲೆ ಥರ್ಮಕೋಲಿನ ಮುಚ್ಚಳ ಕಿರ್ರೆಂದು ಬಿಟ್ಟುಕೊಂಡಿತು, ಒಳಗಿನ ಗಾಳಿ ಮುಖಕ್ಕೆ ಬಿಸಿಯಾಗಿ ಬಡಿಯಿತು, ಶಾಖ ತೋರಿಸುವ ಚೀಟಿಯ ಬಿಳಿ ಚುಕ್ಕೆ ಕಡು ಕೆಂಪಾಗಿದೆ, ಆರು ಸೀಸೆಗಳನ್ನು ಸಾಲಾಗಿ ನಿಲ್ಲಿಸಿದಳು, ಫ್ರೀಜರಿನಿಂದ ತೆಗೆದ ಸೀಸೆಯನ್ನು ತಕ್ಷಣ ತೆರೆಯಬಾರದು, ಗಾಳಿಯ ತೇವ ಒಳಗೆ ಇಳಿಯುತ್ತದೆ, ಅರ್ಧ ಗಂಟೆ ಕಾಯಬೇಕು ಎಂದು ಹೊಸಬರಿಗೆ ತಾನೇ ಪಾಠ ಹೇಳುವವಳು, ಕಾಯುವುದಕ್ಕೆ ಇವುಗಳಲ್ಲಿ ತಣ್ಣಗಿರುವುದೇನಿದೆ, ಪುಡಿ ಹಿಂಜಿದ ಹತ್ತಿಯಂತೆ ತಳದಲ್ಲಿ ಬೆಳ್ಳಗೆ ಕೂತಿರಬೇಕು, ಎರಡರಲ್ಲಿ ಹಾಗೇ ಇದೆ, ಮೂರರಲ್ಲಿ ಕುಗ್ಗಿ ಗೋಡೆಗೆ ಅಂಟಿ ಜೇನಿನ ಪೊರೆಯಂತಾಗಿದೆ, ಆರನೆಯದರ ಮುಚ್ಚಳವೇ ಓರೆ, ತಪಾಸಣೆ ಮೇಡಂ. ಕಳಿಸಿದ ಕಂಪನಿಗೆ ಎಂಟನೇ ದಿನವೇ ಬರೆದಿದ್ದಳು, ಒಣ ಪುಡಿ ಕೋಣೆಯ ಶಾಖದಲ್ಲಿ ಕೆಲವು ವಾರ ತಡೆಯುತ್ತದೆ ಎಂದು ಸಾಮಾನ್ಯವಾಗಿ ನಂಬಲಾಗಿದೆ, ಖಾತರಿ ಕೊಡಲು ಬರುವುದಿಲ್ಲ ಎಂದು ಉತ್ತರ ಬಂತು, ಅವರು ಹೇಳುವ ಕೋಣೆ ಯಾವುದು, ಅವರ ಊರಿನ ಕೋಣೆ, ಅದಕ್ಕೆ ತಗಡಿನ ಮಾಡಿಲ್ಲ. ಡಾಕ್ಟರ್ ಚಿಪೆಟಾ ಕನ್ನಡಕ ಹಣೆಗೇರಿಸಿ ಒಂದೊಂದೇ ಸೀಸೆ ಬೆಳಕಿಗೆ ಹಿಡಿದರು, ನಾನು ಬರೀ ಲ್ಯಾಬ್ ಸಾಮಾನು ಅಂತ ಬರೆದಿದ್ರೆ ಬೇಗ ಬಿಡ್ತಿದ್ರೇನೋ ಮೇಡಂ, ಎಂದಳು ಲುಸುಂಗು, ನೀನು ಬರೆದಿದ್ದು ಸರಿಯಾಗೇ ಇದೆಯಮ್ಮ, ಇದ್ದದ್ದನ್ನ ಇದ್ದ ಹಾಗೆ ಬರೆದೆ, ಎಂದರು ಅವರು, ಅವರು ಬೈದಿದ್ದರೆ ಚೆನ್ನಾಗಿತ್ತು. ಮೊದಲು ಬೇರೆ ಯಾರದ್ದಾದರೂ ರಕ್ತದ ಮೇಲೆ ಹಾಕಿ ನೋಡೋಣ, ಕ್ಷಯ ಬಂದು ವಾಸಿಯಾದವರದ್ದು ಬೇಕು, ಅವರ ಕಣಗಳು ಇವನ್ನ ಗುರುತು ಹಿಡೀಲೇಬೇಕು, ಹಿಡೀದಿದ್ರೆ ಪುಡಿ ಸತ್ತಿದೆ ಅಂತ ಲೆಕ್ಕ, ಆಗ ಮತ್ತೆ ತರಿಸೋಣ, ನಾನೂರ ಹದಿನೇಳನ್ನ ಮುಟ್ಟೋದು ಬೇಡ, ಎಂದರು ಚಿಪೆಟಾ. ನನ್ನದು ತಗೊಳ್ಳಿ, ನನಗೆ ಬಂದಿತ್ತು, ಎಂದು ಕೋಟಿನ ತೋಳು ಮಡಿಸಿದಳು ಲುಸುಂಗು, ನಾಳೆ ಬೆಳಗ್ಗೆ ತೆಗೀತೀನಿ ಬಿಡು, ಎಂದರು.

ನಾಳೆ ಬೆಳಗ್ಗೆ ಎಂದರೆ ಗುರುವಾರ, ಗುರುವಾರ ಅವಳು ಬಾಗಿಲು ತೆರೆಯುವಾಗಲೇ ಹಿಂದಿನ ಕೋಣೆಯಲ್ಲಿ ಸಾರಜನಕದ ಪಾತ್ರೆಯ ಅಲಾರಂ ಪೀಂ ಪೀಂ ಎಂದು ಕೂಗುತ್ತಿತ್ತು, ಓಡಿ ಹೋಗಿ ಪಾತ್ರೆಯೊಳಗೆ ಅಳತೆ ಕೋಲು ಇಳಿಸಿ ತೆಗೆದಳು, ಸಾರಜನಕ ಇದ್ದಷ್ಟು ಎತ್ತರಕ್ಕೆ ಕೋಲಿನ ಮೇಲೆ ಬಿಳಿ ಹಿಮ ಕಟ್ಟಬೇಕು, ಸೋಮವಾರ ನಾಲ್ಕು ಬೆರಳಿತ್ತು, ಈಗ ತುದಿಯಲ್ಲಿ ಒಂದು ಉಗುರಿನಷ್ಟು, ಲಿಲೊಂಗ್ವೆಯಿಂದ ತುಂಬಿಸಿಕೊಂಡು ಬರಬೇಕಾದ ಗಾಡಿ ಮೂರು ದಿನದಿಂದ ಡೀಸೆಲ್ ಸಾಲಿನಲ್ಲಿ ನಿಂತಿದೆ, ಮುಂದೆ ಇನ್ನೂ ನಲವತ್ತು ಲಾರಿ ಇವೆ ಮೇಡಂ, ನಾನೇನು ಮಾಡ್ಲಿ, ಡೀಸೆಲ್ ಕುಡಿದು ಉಗುಳ್ಲಾ ಎಂದು ಅದರ ಡ್ರೈವರ್ ಫೋನಿನಲ್ಲಿ ಕೂಗಾಡಿದ. ಉಳಿದದ್ದನ್ನೆಲ್ಲ ದೊಡ್ಡ ಫ್ರೀಜರಿಗೆ ತುಂಬು, ಅಲ್ಲಿ ಅರ್ಧಕ್ಕರ್ಧ ಸತ್ರೂ ಅರ್ಧ ಉಳಿಯುತ್ತೆ, ಡಾಕ್ಟರ್ ಚಿಪೆಟಾ ಕೋಟಿನ ತೋಳು ಮೇಲೇರಿಸುತ್ತ ಹೇಳುತ್ತಿದ್ದಾರೆ, ಒಂದೇ ಇರೋದನ್ನ ಅಲ್ಲಿ ಹಾಕೋಕಾಗಲ್ಲ, ಕರೆಂಟು ಯಾವಾಗ ಹೋಗುತ್ತೋ, ನಾನೂರ ಹದಿನೇಳನ್ನ ಇವತ್ತೇ ಕರಗಿಸಿ ಕೂರಿಸ್ಬಿಡೋಣ, ನಿನ್ನ ರಕ್ತಾನೂ ಅದೇ ಪ್ಲೇಟಿನಲ್ಲಿ, ಬೇರೆ ದಾರಿ ಕಾಣ್ತಿಲ್ಲ, ನೀನೇನಂತೀ — ಆಗ ಹೇಳಬಹುದಿತ್ತು, ಮೇಡಂ ಅದು ನನ್ನ ತಂಗಿ, ಎರಡೇ ಮಾತು, ಹೇಳಿದ್ದರೆ ಅವರು ಕೈ ನಿಲ್ಲಿಸುತ್ತಿದ್ದರು, ಖಂಡಿತ ನಿಲ್ಲಿಸುತ್ತಿದ್ದರು, ಫ್ಲಾಸ್ಕ್ ಚೀಲದಲ್ಲೇ ಇತ್ತು. ಆಗಲಿ ಮೇಡಂ, ಎಂದಳು.

ಬೆಚ್ಚನೆಯ ನೀರಿನಲ್ಲಿ ಕೊಳವೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಆಡಿಸಬೇಕು, ಒಳಗಿನ ಮಂಜು ಕಡಲೆಯಷ್ಟಾಯಿತು, ಅಕ್ಕಿಯಷ್ಟಾಯಿತು, ಹೋಯಿತು, ಎರಡು ನಿಮಿಷವೂ ಇಲ್ಲ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು, ಸತ್ತ ಕಣಗಳು ಬಣ್ಣ ಹೀರಿ ಮಂಕಾಗುತ್ತವೆ, ಬದುಕಿರುವವು ಅಂಚಿನಲ್ಲಿ ಹೊಳೆಯುತ್ತವೆ, ಹೊಳೆಯುತ್ತಿದ್ದವು, ನೂರಕ್ಕೆ ತೊಂಬತ್ತೊಂದು, ಪುಸ್ತಕದಲ್ಲಿ ತೊಂಬತ್ತೊಂದು ಎಂದು ಬರೆದಳು, ಮತ್ತೊಮ್ಮೆ ನೋಡಿದಳು, ಏನೇ, ಎಂದಳು ಮನಸ್ಸಿನಲ್ಲೇ, ಎಷ್ಟು ದಿನವಾಯ್ತೇ ನಿನ್ನ ನೋಡಿ, ಡಾಕ್ಟರ್ ಚಿಪೆಟಾ ತಿರುಗಿ, ಏನಾದ್ರೂ ಅಂದೆಯಾ, ಇಲ್ಲ ಮೇಡಂ. ಸಾಲುಸಾಲು ಪುಟ್ಟ ಕುಳಿಗಳಿರುವ ಪ್ಲೇಟು, ಮೇಲಿನ ಸಾಲಿನ ಎಂಟು ಕುಳಿಗಳಲ್ಲಿ ತಂಗಿ, ಕೆಳಗಿನ ಸಾಲಿನ ಎಂಟರಲ್ಲಿ ತಾನು, ಮೊದಲ ಕುಳಿಗೆ ಏನೂ ಹಾಕುವುದಿಲ್ಲ, ಮುಂದಿನ ಆರಕ್ಕೆ ಆರು ಸೀಸೆಯ ದ್ರಾವಣ, ಕೊನೆಯದಕ್ಕೆ ಕೆಂಪು ಬೀನ್ಸ್ ಕಾಳಿನಿಂದ ತೆಗೆದ ಮದ್ದು, ಅದು ಯಾವ ಕಣವನ್ನಾದರೂ ತಿವಿದು ಎಬ್ಬಿಸುತ್ತದೆ, ಕಣ ಜೀವಂತ ಇದ್ದರೆ ಸಾಕು. ಶುಕ್ರವಾರ ಬೆಳಗ್ಗೆ ತೊಳೆಯಬೇಕು, ಆರು ಸಲ, ರಾತ್ರಿಯೆಲ್ಲ ಕುಳಿಯ ತಳದಲ್ಲಿ ಕೂತಿದ್ದ ಕಣಗಳು ಎದ್ದು ನೀರಿನೊಡನೆ ಬ್ಲೀಚಿನ ಬಕೆಟ್ಟಿಗೆ ಬೀಳುತ್ತವೆ, ಕೂತು ಕೂಗಿದ ಜಾಗದ ಗುರುತು ಮಾತ್ರ ಉಳಿಯುತ್ತದೆ, ಸಾವಿರ ಸಲ ಮಾಡಿದ ಕೆಲಸ, ಎಂದೂ ಬಕೆಟ್ಟಿನ ಕಡೆ ನೋಡಿದವಳಲ್ಲ, ಆರನೇ ಸಲ ಪ್ಲೇಟ್ ಬೋರಲು ಮಾಡಿ ಕೊಡವಿದ ಮೇಲೆ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತುಬಿಟ್ಟಳು, ಬ್ಲೀಚಿನ ಘಾಟು, ಕಣ್ಣಲ್ಲಿ ನೀರು, ಯಾರಾದರೂ ಕೇಳಿದರೆ ಘಾಟು ಎನ್ನಬಹುದು, ಯಾರೂ ಕೇಳಲಿಲ್ಲ.

ಬಣ್ಣ ಹಾಕಿ ಏಳು ನಿಮಿಷ, ಕಣ ಕೂಗಿದ ಕಡೆಯೆಲ್ಲ ನೀಲಿ ಚುಕ್ಕೆ ಏಳಬೇಕು. ನಲ್ಲಿ ನೀರು. ಒಣಗಲು ಶನಿವಾರವೆಲ್ಲ. ಈಗ ಭಾನುವಾರ, ಚರ್ಚಿಗೆ ಹೋಗದೆ ಇಲ್ಲಿಗೆ ಬಂದು ದೀಪದ ಕೆಳಗೆ ಪ್ಲೇಟ್ ಇಟ್ಟುಕೊಂಡು ಕುಳಿತಿದ್ದಾಳೆ, ಕೆಳಗಿನ ಸಾಲು ಮೊದಲು ನೋಡಿದಳು, ತನ್ನದು, ಎರಡನೆಯ ಕುಳಿ ಬಿಳಿ, ಮೂರನೆಯದು ಬಿಳಿ, ನಾಲ್ಕು, ಐದು, ಆರು, ಏಳು ಬಿಳಿ, ಬೀನ್ಸ್ ಮದ್ದಿನ ಎಂಟನೆಯದೊಂದೇ ನೀಲಿ, ಬಾಲ್ಯದಲ್ಲಿ ಆರು ತಿಂಗಳು ಕೆಮ್ಮಿ ರಕ್ತ ಉಗುಳಿದ ಮೈ ಇದು, ಈ ಮೈಗೆ ಆ ಕ್ರಿಮಿಯ ಗುರುತು ಸಿಗಲಿಲ್ಲವೆಂದರೆ ಸೀಸೆಗಳಲ್ಲಿ ಕ್ರಿಮಿಯ ಚೂರೇ ಉಳಿದಿರಲಿಲ್ಲ ಎಂದರ್ಥ, ಬಿಸಿಲಿನಲ್ಲಿ ಮಣಿಗಳೆಲ್ಲ ಕಳಚಿ ಹೋಗಿದ್ದವು ಎಂದರ್ಥ, ಇನ್ನು ಮೇಲಿನ ಸಾಲು ನೋಡುವುದೇಕೆ, ನೋಡಿದಳು, ಬಿಳಿ, ಬಿಳಿ, ಬಿಳಿ, ತಿಯೊಂಗೆ ಏನನ್ನೂ ಹೇಳಲಿಲ್ಲ, ಅವಳನ್ನು ಯಾರೂ ಏನನ್ನೂ ಕೇಳಲೇ ಇಲ್ಲ, ಖಾಲಿ ಕೈ ಮುಂದೆ ಹಿಡಿದು ಇವನನ್ನು ಬಲ್ಲೆಯಾ ಎಂದರೆ ಅವಳಾದರೂ ಏನೆಂದಾಳು. ಡಾಕ್ಟರ್ ಚಿಪೆಟಾಗೆ ಫೋನಿನಲ್ಲಿ ಹೇಳಿಯಾಯಿತು, ಅವರು, ಪ್ಲೇಟ್ ಎತ್ತಿಡು, ವರದಿಗೆ ಸೇರಿಸೋದು ಬೇಡ, ನಾನೂರ ಹದಿನೇಳು ಮುಗೀತು ಅಂತ ಪುಸ್ತಕದಲ್ಲಿ ಬರೆದುಬಿಡು, ಎಂದರು, ಪೆನ್ನಿನಲ್ಲಿ ಬರೆದಳು. ಮೇಜಿನ ಮೇಲೆ ಫೋನು ಗುರ್ರೆನ್ನುತ್ತಿದೆ, ರುಂಫಿಯ ನಂಬರು, ಚರ್ಚು ಬಿಟ್ಟಿದೆ, ಏನಾದ್ರೂ ಸಿಕ್ತಾ ಎನ್ನುತ್ತಾಳೆ, ಏನೆನ್ನುವುದು, ಅಮ್ಮ ಒಂದು ಸಿಕ್ಕಿತ್ತು, ನನ್ನ ಹತ್ತಿರವೇ ಇತ್ತು, ಮೊನ್ನೆಯವರೆಗೂ ಜೀವಂತ ಇತ್ತು, ನಾನೇ — ಫೋನು ನಿಂತಿತು, ಮತ್ತೆ ಗುರ್ರೆಂದಿತು, ಮೇಲಿನ ಸಾಲಿನಲ್ಲೂ ಕೊನೆಯ ಕುಳಿ ಮಾತ್ರ ಬಿಳಿಯಿಲ್ಲ, ಬೀನ್ಸ್ ಕಾಳಿನ ಮದ್ದು ಹಾಕಿದ್ದು, ಅದರ ತುಂಬ ನೀಲಿ ಚುಕ್ಕೆ, ಯಂತ್ರ ಮುನ್ನೂರ ತೊಂಬತ್ತಾರು ಎಂದು ಎಣಿಸಿತು, ಅವಳು ಎಣಿಸುತ್ತಿದ್ದಾಳೆ, ಒಂದೊಂದು ಚುಕ್ಕೆಯೂ ಒಂದೊಂದು ಕಣ ಕೂತು ಕೂಗಿದ ಜಾಗ, ಗುಡ್ಡದಲ್ಲಿ ಅವಳಿದ್ದ ಜಾಗ ಸಿಗಲಿಲ್ಲ, ಇಲ್ಲಿ ಸಿಕ್ಕಿದೆ, ಇಲ್ಲಿದ್ದಳು, ಇಲ್ಲೂ ಇದ್ದಳು, ಈ ಅಂಚಿನಲ್ಲಿ ಎರಡು ಅಂಟಿಕೊಂಡಿವೆ, ಇಲ್ಲಿ, ಶುಕ್ರವಾರ ಬೆಳಗಿನವರೆಗೆ, ಫೋನು ಗುರ್ರೆನ್ನುತ್ತಿದೆ, ನೀಲಿ, ಎಷ್ಟಾಯಿತು, ತಪ್ಪಿತು, ಮೊದಲಿನಿಂದ, ಒಂದು, ಇಲ್ಲಿದ್ದಳು, ಎರಡು, ನೀಲಿ ಚುಕ್ಕೆ, ಮೂರು, ನೀಲಿ ಚುಕ್ಕೆ